ಎರಿ ಮಣ್ಣಿನ ಹಿತ್ತಲಿಗೆ ಕ್ಯಾಮೆಲಿಯಾ ತರೋ ಮೊದಲು

ಅಸೂಟಿ ಮನಿ ಹಿತ್ತಲದಾಗ ಅವ್ವ ಒಂದು ಕ್ಯಾಮೆಲಿಯಾ ಸಸಿ ಹಚ್ಚಿದ್ಲು. ಎಲೆ ಹಳದಿ ಆದವು, ನರ ಮಾತ್ರ ಹಸಿರು. "ನೀರು ಕಡಿಮಿ ಆತೇನು?" ಅಂತ ಫೋನ್ ಮಾಡಿದ್ಲು. "ಇನ್ನೊಂದು ಕೊಡ ಹಾಕವ್ವಾ" ಅಂದೆ. ಬೋರಿನ ನೀರು ಹಾಕಿದ್ಲು, ಗಿಡ ಹೋತು. ತಪ್ಪು ಅವ್ವಂದಲ್ಲ, ನಂದು.

ಕ್ಯಾಮೆಲಿಯಾ ಜಪಾನ್, ಚೀನಾ, ಕೊರಿಯಾ ಕಡೆಯ ಗಿಡ. ನಾವು ಕುಡಿಯೋ ಚಹಾ ಕೂಡ ಇದೇ ಕುಲದ್ದು; ಅದರ ಹೆಸರೇ ಕ್ಯಾಮೆಲಿಯಾ ಸೈನೆನ್ಸಿಸ್. ಚಹಾ ತೋಟ ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳಲ್ಲಿ ಇರೋದಕ್ಕೆ ತಂಪು, ಮಳೆ ಅಷ್ಟೇ ಕಾರಣ ಅಲ್ಲ. ಅಲ್ಲಿನ ಮಣ್ಣು ಹುಳಿ.

ಮಣ್ಣಿನ ಹುಳಿಯನ್ನು ಪಿಎಚ್‌ನಿಂದ ಅಳೀತಾರೆ. 7 ಅಂದ್ರೆ ಸಮ, ಕೆಳಗಿದ್ರೆ ಹುಳಿ, ಮೇಲಿದ್ರೆ ಕ್ಷಾರ. ಕ್ಯಾಮೆಲಿಯಾಕ್ಕೆ 5.5ರಿಂದ 6.5 ಬೇಕು. ನಮ್ಮ ಎರಿ ಭೂಮಿ ಸಾಮಾನ್ಯವಾಗಿ 7.5ರಿಂದ 8.5. ಇಂಥ ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗಲ್ಲ. ನಾನು ಕಾಮರ್ಸ್ ಓದಿದವ, ಹಿಂಗ ಹೇಳ್ತೀನಿ: ಖಾತೆಯಲ್ಲಿ ದುಡ್ಡಿದೆ, ಆದರೆ ಖಾತೆ ಫ್ರೀಜ್ ಆಗಿದೆ. ಅದಕ್ಕೇ ಎಲೆ ಹಳದಿ. ಬೋರಿನ ಗಡಸು ನೀರು ಹಾಕಿದಷ್ಟೂ ಸುಣ್ಣ ಹೆಚ್ಚುತ್ತೆ. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳೋದರಿಂದ ಬೇರೂ ಕೊಳೆಯುತ್ತೆ.

ಹಂಗಾದ್ರೆ ಸಸಿಗೆ ರೊಕ್ಕ ಕೊಡೋ ಮೊದಲು ಒಂದು ಪರೀಕ್ಷೆ ಮಾಡ್ರಿ. ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕ್ರಿ. ಬುಸುಬುಸು ನೊರೆ ಬಂತಾ? ಸುಣ್ಣ ಐತಿ, ನೆಲದಾಗ ಹಚ್ಚಬ್ಯಾಡ್ರಿ. ನೊರೆ ಬರದಿದ್ರೂ ಮಣ್ಣು ಪರೀಕ್ಷೆ ಮಾಡಿಸೋದು ಒಳ್ಳೇದು.

ಬೇಕೇ ಬೇಕು ಅಂದ್ರೆ ದೊಡ್ಡ ಕುಂಡದಲ್ಲಿ ಬೆಳೀರಿ. ತಳಕ್ಕೆ ತೂತು ಇರಲಿ. ಸುಣ್ಣ ಇಲ್ಲದ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಕೊಳೆತ ಎಲೆಗೊಬ್ಬರ ಕಲಸಿ. ಒಲೆಯ ಬೂದಿ ಮಾತ್ರ ಹಾಕಬೇಡಿ, ಅದು ಕ್ಷಾರ. ಚಹಾದ ಚರಟ ಹಾಕಿದ್ರೆ ಮಣ್ಣು ಹುಳಿ ಆಗುತ್ತೆ ಅನ್ನೋದನ್ನೂ ನೆಚ್ಚಿಕೊಳ್ಳಬೇಡಿ. ಅಷ್ಟು ಸುಣ್ಣಕ್ಕೆ ಅದು ಸಾಲಲ್ಲ. ಮಾಳಿಗೆಯಿಂದ ಬೀಳೋ ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಿ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು. ಮೊಗ್ಗು ಇದ್ದಾಗ ಮಣ್ಣು ಪೂರ್ತಿ ಒಣಗಿದ್ರೆ ಮೊಗ್ಗು ಉದುರುತ್ತೆ.

ಇಷ್ಟೆಲ್ಲ ಮಾಡಿದ್ರೂ ಏಪ್ರಿಲ್, ಮೇ ಬಿಸಿಲು ದಾಟಿಸೋದು ಕಷ್ಟ ಐತಿ. ಮಳೆನೀರು ಹಿಡಿಯೋಕೆ ಜಾಗ ಇಲ್ಲದವರು ಆ ರೊಕ್ಕ ಉಳಿಸ್ರಿ. ಅವ್ವ ಈಗ ಅದೇ ಜಾಗದಾಗ ದಾಸವಾಳ ಹಚ್ಚ್ಯಾಳ. ದಿನಾ ಪೂಜೆಗೆ ಹೂವು ಸಿಗ್ತಾವು. ನನಗ ಫೋನ್ ಮಾಡಿ ಕೇಳೋದು ಬಿಟ್ಟಾಳ.