ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ

ಸಂಕ್ರಾಂತಿ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಿಟ್ಟಿನ ಗಿರಣಿಗಳಿಗೆ ಸಜ್ಜೆಯ ಡಬ್ಬಿಗಳು ಬರತೊಡಗುತ್ತವೆ. ಹಬ್ಬದ ಹಿಂದಿನ ದಿನ ಭೋಗಿ. ಉಳಿದ ದಿನ ಬಿಳಿಜೋಳದ ರೊಟ್ಟಿ ಉಣ್ಣುವ ಮನೆಯಲ್ಲೂ ಅಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಲೇಬೇಕು.

ಹಿಟ್ಟನ್ನು ತಿಂಗಳ ಮೊದಲೇ ಬೀಸಿಸಿಡುವಂತಿಲ್ಲ. ಸಜ್ಜೆಯಲ್ಲಿ ನೂರಕ್ಕೆ ಸುಮಾರು 5 ಪಾಲು ಕೊಬ್ಬಿನಂಶವಿದೆ, ಜೋಳಕ್ಕಿಂತ ಹೆಚ್ಚು. ಕಾಳು ಇಡಿಯಾಗಿದ್ದಾಗ ತೊಂದರೆಯಿಲ್ಲ. ಬೀಸಿದ ಮೇಲೆ ಆ ಕೊಬ್ಬು ಬೇಗ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಆಮೇಲೆ ಎಂಥ ಕೈಗುಣವೂ ಅದನ್ನು ಉಳಿಸದು.

ಗೋದಿಯಲ್ಲಿರುವ ಅಂಟು ಸಜ್ಜೆಯಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಉದುರುತ್ತದೆ. ಅದಕ್ಕೇ ಎಸರು. ಕುದಿಯುವ ನೀರನ್ನು ಹಿಟ್ಟಿನ ನಡುವಿನ ಕುಣಿಗೆ ಹೊಯ್ದು, ಸ್ವಲ್ಪ ಹೊತ್ತು ಮುಚ್ಚಿಡುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಎಸರು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುತ್ತದೆ. ಎಷ್ಟು ಬೇಕೆಂಬುದಕ್ಕೆ ಅಳತೆಯಿಲ್ಲ, ಹಳೆ ಕಾಳು ಹೊಸ ಕಾಳಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಒಂದು ರೊಟ್ಟಿಗಾಗುವಷ್ಟು ಹಿಟ್ಟನ್ನು ಮಾತ್ರ ಮುರಿದುಕೊಂಡು, ಕೈ ಒದ್ದೆ ಮಾಡಿಕೊಳ್ಳುತ್ತ, ಅಂಗೈಯ ಬುಡದಿಂದ ಮತ್ತೆ ನಾದಬೇಕು. ಈ ಎರಡನೆಯ ನಾದುವಿಕೆಯಲ್ಲಿ ಅವಸರ ಮಾಡಿದವರ ರೊಟ್ಟಿ ಉಬ್ಬುವುದಿಲ್ಲ.

ಬಡಿಯುವುದನ್ನು ಕೂತು ನೋಡಬೇಕು. ಕೆಳಗೆ ಒಣಹಿಟ್ಟು ಉದುರಿಸಿ, ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚು ಕಾಯುತ್ತದೆ. ಪ್ರತಿ ಏಟಿಗೂ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ, ಅದನ್ನು ಯಾರೂ ತಿರುಗಿಸಿದಂತೆ ಕಾಣುವುದಿಲ್ಲ. ಅಗಲವಾಗುತ್ತ ಬಂದಾಗ ಮೇಲೆ ಬಿಳಿ ಎಳ್ಳು ಉದುರಿಸಿ ಮೆಲ್ಲಗೆ ಒತ್ತುತ್ತಾರೆ. ಲಟ್ಟಣಿಗೆಯಲ್ಲಿ ಲಟ್ಟಿಸಿದರೂ ರೊಟ್ಟಿಯಾಗುತ್ತದೆ, ನಿಜ. ಆದರೆ ತೆಳುವಾದ ಜಾಗ ಯಾವುದು, ದಪ್ಪ ಯಾವುದು ಎಂದು ಬೆರಳಿಗೆ ತಿಳಿಯುವಷ್ಟು ಲಟ್ಟಣಿಗೆಗೆ ತಿಳಿಯದು.

ಒಣಹಿಟ್ಟಿನ ಮಗ್ಗುಲು ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಅಂಟಿದ ಹಿಟ್ಟು ಹೊತ್ತದಂತೆ ತೊಳೆಯುವುದು, ಮೇಲ್ಮೈ ಬಿರಿಯದಂತೆ ಕಾಯುವುದು, ಎರಡೂ ಆ ನೀರಿನ ಕೆಲಸ. ಪಸೆ ಪೂರ್ತಿ ಆರುವ ಮೊದಲೇ ಮಗುಚಬೇಕು. ಕೊನೆಗೆ ಕೆಂಡದ ಎದುರು ಹಿಡಿದಾಗ ಒಳಗಿನ ಹಬೆ ಎರಡು ಪದರಗಳನ್ನು ಬೇರ್ಪಡಿಸಿ ರೊಟ್ಟಿ ತುಂಬಿಕೊಳ್ಳುತ್ತದೆ. ಹುರಿದ ಎಳ್ಳಿನ ವಾಸನೆ ಆಗ ಪಡಸಾಲೆಗೂ ಬರುತ್ತದೆ.

ಉಬ್ಬಿದ್ದನ್ನು ಬಿಸಿಯಾಗಿ ಉಣ್ಣುವುದು ಒಂದು ರೀತಿ. ಹಂಚಿನ ಮೇಲೆ ಅರಿವೆಯಿಂದ ಒತ್ತಿ ಒತ್ತಿ ಪಸೆಯೆಲ್ಲ ಆರಿಸಿದರೆ ಅದೇ ಕಟಕ ರೊಟ್ಟಿ, ವಾರಗಟ್ಟಲೆ ಕೆಡದು. ಭೋಗಿಗೆ ಬಿಸಿಯದು. ಜೊತೆಗೆ ಅವರೆ, ಹಸಿ ಕಡಲೆ, ಗಜ್ಜರಿ, ಬದನೆಕಾಯಿ ಕೂಡಿಸಿದ ಪಲ್ಯ, ಬೆಣ್ಣೆ. ಎಳ್ಳು, ಸಜ್ಜೆ ಎರಡೂ ಮೈಗೆ ಕಾವು ಕೊಡುತ್ತವೆಂಬುದು ಚಳಿಗಾಲದ ಹಳೆಯ ನಂಬಿಕೆ.

ಈ ಸಜ್ಜೆ ಮೊದಲು ಇಲ್ಲಿನ ಹೊಲಗಳದ್ದೇ. 1989ರಲ್ಲಿ ರೈತರೇ ಸೇರಿ ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಬಂದ ಹೊಲಗಳಿಗೆ ಕಬ್ಬು ಬಂತು, ಸಜ್ಜೆ ಹಿಂದೆ ಸರಿಯಿತು. ಈಗ ಕಬ್ಬಿನ ಮನೆಯವರು ಭೋಗಿಯ ಸಜ್ಜೆಯನ್ನು ಸಂತೆಯಿಂದ ತರುತ್ತಾರೆ. ಮರುದಿನ ಹೊಳೆಗೆ ಹೋಗುವ ಬುತ್ತಿಯಲ್ಲಿ ಅದೇ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಸಿಹಿಗೆ ಶೇಂಗಾ ಹೋಳಿಗೆ, ಅದರೊಳಗೆ ಅವರದೇ ನೆಲದ ಬೆಲ್ಲ.