ಮಾರುವ ಮನೆಗೆ ಸಿಂಗಾರ ಎಷ್ಟು ಬೇಕು?

ಕಳೆದ ಜನವರಿಯಲ್ಲಿ ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ ನಮ್ಮ ಜಮಾಅತಿನ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಉಸ್ತಾದ್, ಮನೆ ಮಾರಾಟಕ್ಕೆ ಇಟ್ಟು ವರ್ಷ ಆಯ್ತು. ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಮತ್ತೆ ಫೋನೇ ಇಲ್ಲ. ಎಂತ ಮಾಡುವುದು?"

22 ವರ್ಷ ಸೌದಿಯಲ್ಲಿ ದುಡಿದು ಕಟ್ಟಿಸಿದ ತಾರಸಿ ಮನೆ ಅದು. ಈಗ ಮಗ ದುಬೈಯಲ್ಲಿ, ಮಗಳು ಗಂಡನ ಮನೆಯಲ್ಲಿ. ಇಷ್ಟು ದೊಡ್ಡ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಮದುವೆಯ ಸಾಲ ಬೇರೆ ಬಾಕಿ ಉಂಟು. ಹೋಗಿ ನೋಡಿದೆ. ಅಂಗಳದ ಇಂಟರ್‌ಲಾಕ್ ಮೇಲೆ ಪಾಚಿ. ಸಿಟೌಟಿನಲ್ಲಿ ತೆಂಗಿನಕಾಯಿ ರಾಶಿ. ಮೇಲಿನ ಎರಡು ಕೋಣೆ ತಿಂಗಳುಗಟ್ಟಲೆ ಬೀಗ ಹಾಕಿದ್ದರಿಂದ ಬಾಗಿಲು ತೆರೆದರೆ ಮುಗ್ಗಲು ವಾಸನೆ. ಕೊಳ್ಳಲು ಬಂದವರ ಕಣ್ಣಿಗೆ ಕಾಣುವುದು ಇದೇ ಅಲ್ಲವೇ?

ಮರುದಿನದಿಂದ ಕೆಲಸ ಸುರುವಾಯಿತು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಪಾಚಿ ತೆಗೆಸಿದರು. ಕಿಟಕಿಗಳನ್ನು ಒಂದು ವಾರ ಹಗಲಿಡೀ ತೆರೆದಿಟ್ಟರು. ಕಿರ್ ಎನ್ನುವ ಬಾಗಿಲಿಗೆ ಎಣ್ಣೆ, ತೊಟ್ಟಿಕ್ಕುವ ನಲ್ಲಿಗೆ ವಾಷರ್, ಮಂಕಾದ ಬಲ್ಬಿನ ಜಾಗಕ್ಕೆ ಹೊಸದು. ಶೋಕೇಸಿನಲ್ಲಿ ತುಂಬಿದ್ದ ಗಲ್ಫ್ ಸಾಮಾನುಗಳಲ್ಲಿ ಅರ್ಧ ಪೆಟ್ಟಿಗೆಗೆ ಹೋಯಿತು. ಖಾಲಿ ಕೋಣೆಗೆ ಇದ್ದ ಮಂಚವನ್ನೇ ತಂದು ಹಾಕಿ ಒಗೆದ ಚಾದರ ಹಾಸಿದರು, ಯಾಕೆಂದರೆ ಬರೀ ಗೋಡೆ ನೋಡಿದರೆ ಇಲ್ಲಿ ಮಂಚ, ಕಪಾಟು ಹಿಡಿಯುತ್ತದೋ ಎಂದು ಕೊಳ್ಳುವವರಿಗೆ ಅಂದಾಜಾಗುವುದಿಲ್ಲ. ಸಿಟೌಟಿಗೆ ಮತ್ತು ಹಾಲಿಗೆ ಮಾತ್ರ ತಿಳಿ ಬಣ್ಣ. ಬೆಳಗಿನ ಬೆಳಕಿನಲ್ಲಿ ಹೊಸ ಫೋಟೋ, ವೀಡಿಯೊ ತೆಗೆದರು. ನಮ್ಮ ಊರಿನ ಎಷ್ಟೋ ಮನೆಗಳನ್ನು ಮೊದಲು ನೋಡುವುದು ಗಲ್ಫಿನಲ್ಲಿರುವವರ ವಾಟ್ಸ್‌ಆ್ಯಪಿನಲ್ಲಿ ತಾನೇ? ಅಡುಗೆಮನೆ ಒಡೆದು ಹೊಸತು ಮಾಡಬೇಕೆಂದು ಮಗ ಹೇಳಿದ್ದ. ಬೇಡವೆಂದೆವು. ಬರುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ.

ಇಷ್ಟರವರೆಗೆ ತೊಂದರೆ ಇರಲಿಲ್ಲ. ಮೇಲಿನ ಒಂದು ಕೋಣೆಯ ಪಶ್ಚಿಮದ ಗೋಡೆ ಪ್ರತಿ ಮಳೆಗಾಲ ಒದ್ದೆಯಾಗುತ್ತದೆ. ಸ್ಲ್ಯಾಬಿನ ಅಂಚಿನಿಂದ ನೀರು ಇಳಿಯುತ್ತದೆ. ಬ್ರೋಕರ್ ಬಂದು ನೋಡಿ, "ಪುಟ್ಟಿ ಎಳೆದು ಬಣ್ಣ ಹೊಡೆಯಿರಿ, ಮುಂದೆ ಒಂದು ಕಪಾಟು ಇಡಿ. ಮಳೆ ಬರುವ ಮೊದಲು ರಿಜಿಸ್ಟ್ರೇಷನ್ ಆಗಿರ್ತದೆ" ಎಂದ. ದುಬೈಯಿಂದ ಮಗನದ್ದೂ ಅದೇ ಮಾತು: "ಉಪ್ಪಾ, ಎಲ್ಲರೂ ಹಾಗೆಯೇ ಮಾಡುವುದು."

ಹಿರಿಯರು ನನ್ನ ಮುಖ ನೋಡಿದರು. ಮದ್ರಸದ ಮಕ್ಕಳಿಗೆ ನಾನು ಕಲಿಸುವ ಪಾಠವನ್ನೇ ಅವರಿಗೂ ಹೇಳಿದೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ (ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದೂ ಎಚ್ಚರಿಸಿದರು. ಹಾಲು ಕರೆಯದೆ ಬಿಟ್ಟು ಕೆಚ್ಚಲು ತುಂಬಿದಂತೆ ತೋರಿಸಿ ಆಡನ್ನೋ ಒಂಟೆಯನ್ನೋ ಮಾರುವುದನ್ನೂ ತಡೆದರು. ಆಡಿನ ಮೈ ತೊಳೆದು ಪೇಟೆಗೆ ತಂದರೆ ಯಾರ ಆಕ್ಷೇಪವೂ ಇಲ್ಲ. ಕೆಚ್ಚಲು ಕಟ್ಟುವುದು ಬೇರೆ ವಿಷಯ. ನಮ್ಮ ಕಪಾಟು ಯಾವ ಸಾಲಿಗೆ ಸೇರುತ್ತದೆ ಎಂದು ಅವರೇ ಯೋಚಿಸಿದರು.

ದೇಶದ ಕಾನೂನು ಕೂಡಾ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯದಂಥ ಮುಖ್ಯ ದೋಷವನ್ನು, ಅದು ಮನೆಯದ್ದಾಗಲಿ ಹಕ್ಕುಪತ್ರದ್ದಾಗಲಿ, ಮಾರುವವನು ಹೇಳಲೇಬೇಕು. ಆದ್ದರಿಂದ ಬಣ್ಣದ ಡಬ್ಬಿ ತರುವ ಮೊದಲು ಇಸಿ, ತೆರಿಗೆ ರಶೀದಿ, ಪಂಚಾಯತ್ ವ್ಯಾಪ್ತಿಯಾದರೆ 9 ಮತ್ತು 11ರ ನಮೂನೆ, ಬ್ಯಾಂಕ್ ಸಾಲ ತೀರಿದ ಪತ್ರ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಬಾವಿ ನೀರು ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆಯೇ, ದಾರಿ ಯಾರ ಜಾಗದಲ್ಲಿದೆ, ಕೇಳುವ ಮೊದಲೇ ಹೇಳಿ.

ಮಾರ್ಚ್‌ನಲ್ಲಿ ಒಂದು ಕುಟುಂಬ ಬಂತು. ಮನೆ ಮೆಚ್ಚಿತು. ಹಿರಿಯರು ಅವರನ್ನು ಮೇಲೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ಅವರು ತಮ್ಮ ಮೇಸ್ತ್ರಿಯನ್ನು ಕರೆಸಿ ಲೆಕ್ಕ ಹಾಕಿ ಒಂದೂವರೆ ಲಕ್ಷ ಕಡಿಮೆ ಕೇಳಿದರು. ವ್ಯಾಪಾರ ಮುಗಿಯಿತು. ಮಗ ಒಂದು ವಾರ ಉಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಒಂದೂವರೆ ಲಕ್ಷ ಸಣ್ಣ ಮೊತ್ತವೇನಲ್ಲ, ಅವನ ಬೇಸರವೂ ಸುಳ್ಳಲ್ಲ.

ಜೂನ್‌ನಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ಮಗಳ ಊರಿನ ಹತ್ತಿರ ಸಣ್ಣ ಬಾಡಿಗೆ ಮನೆಯಲ್ಲಿರುವ ಹಿರಿಯರಿಗೆ ಮನೆ ಕೊಂಡವರಿಂದ ಫೋನ್ ಬಂತು. ಪಂಪಿನ ಸ್ವಿಚ್ ಎಲ್ಲಿ ಎಂದು ಕೇಳಲು ಮಾಡಿದ್ದಂತೆ. "ಹೆಸರು ನೋಡಿ ಕೂಡಲೇ ಎತ್ತಿದೆ ಉಸ್ತಾದ್" ಎಂದರು ನನ್ನಲ್ಲಿ. "ಆ ಗೋಡೆ ಮುಚ್ಚಿದ್ದರೆ ಎತ್ತಲು ಕೈ ಬರ್ತಿರ್ಲಿಲ್ಲ."