ಚಪ್ಪರದಡಿಯ ಬೆಳಕು

"ಯಾವ ಕ್ಯಾಮೆರಾ ತರಲಿ?" ಗೆಳೆಯನ ಮದುವೆಯ ಫೋಟೊ ತೆಗೆಯಲು ಒಪ್ಪಿಕೊಂಡವರ ಮೊದಲ ಪ್ರಶ್ನೆ ಇದೇ. ತುಮಕೂರಿನ ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪವಿರಲಿ, ಗುಬ್ಬಿ ಕಡೆಯ ಹಳ್ಳಿಯಲ್ಲಿ ಮನೆ ಮುಂದೆ ಹಾಕಿದ ಚಪ್ಪರವಿರಲಿ, ಮೊದಲು ಕೇಳಬೇಕಾದದ್ದು ಬೇರೆ: ಅಲ್ಲಿ ಕೂತವರ ಮುಖಕ್ಕೆ ಬೆಳಕು ಎಲ್ಲಿಂದ ಬೀಳುತ್ತದೆ? ಕೈಯಲ್ಲಿ ದುಡ್ಡು ಕಡಿಮೆಯಿದ್ದಷ್ಟೂ ಈ ಪ್ರಶ್ನೆಯ ತೂಕ ಹೆಚ್ಚು.

ಮೂರು ಪದ ತಿಳಿದಿದ್ದರೆ ಸಾಕು. ಲೆನ್ಸಿನ ಕಂಡಿ ಎಷ್ಟು ಅಗಲ ತೆರೆದಿದೆ ಎಂಬುದು ಅಪರ್ಚರ್; ಅದರ ಅಳತೆಯಾದ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ಅಗಲ. ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕು ಎಂಬುದು ಶಟರ್ ವೇಗ. ಒಳಗೆ ಬಂದ ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂಬುದು ಐಎಸ್‌ಒ. ಹಿಗ್ಗಿಸಿದಷ್ಟೂ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು.

ಕ್ಯಾಮೆರಾ ಜೊತೆಗೇ ಬರುವ 18–55 ಮಿ.ಮೀ. ಲೆನ್ಸು ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಅಗಲ ತೆರೆಯದು. ಜೂಮ್ ಇಲ್ಲದ, ಅಗ್ಗದ ಲೆನ್ಸುಗಳ ಸಾಲಿಗೇ ಸೇರಿದ 50 ಮಿ.ಮೀ. ಎಫ್ 1.8 ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಕುಡಿಯುತ್ತದೆ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಲೆಕ್ಕ ಸಿಕ್ಕೀತು. ಹಳೆಯ ಕ್ಯಾಮೆರಾಕ್ಕೇ ಇಂಥದೊಂದು ಲೆನ್ಸನ್ನು ಎರಡು ದಿನ ಬಾಡಿಗೆಗೆ ತಂದರೆ ಖರ್ಚಿನ ದೊಡ್ಡ ಭಾರ ಇಳಿದಂತೆಯೇ.

ಇನ್ನು ಚಪ್ಪರ. ತೆಂಗಿನ ಸೀಮೆಯಾದ್ದರಿಂದ ಇಲ್ಲಿ ಗರಿಗೆ ಬರವಿಲ್ಲ. ಹಾಲುಗಂಬ ನೆಟ್ಟು, ಗರಿ ಹೊದಿಸಿ, ಮಾವಿನ ಸೊಪ್ಪು ಕಟ್ಟಿದ ಮೇಲೆ ಅದರಡಿ ಅರಿಶಿನದ ಶಾಸ್ತ್ರ. ಕಣ್ಣಿಗೆ ಅದು ತಂಪಾದ ನೆರಳು. ಫೋಟೊದಲ್ಲಿ ನೋಡಿದರೆ ಮದುಮಗಳ ಮುಖದ ತುಂಬ ಬಿಳಿ ಮಚ್ಚೆ! ಹೊಸಬರು ಎಡವುವುದು ಇಲ್ಲಿಯೇ, ತಪ್ಪು ಕ್ಯಾಮೆರಾದ್ದೆಂದು ಕೊರಗುವುದೂ ಇಲ್ಲಿಯೇ.

ಆ ಮಚ್ಚೆಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಗರಿಗಳ ನಡುವಿನ ಸಂದುಗಳು ಉದ್ದುದ್ದ, ಸೊಟ್ಟಪಟ್ಟ. ಸಣ್ಣ ಸಂದಿನಿಂದ ಇಳಿದ ಬೆಳಕಿನ ಚುಕ್ಕೆ ಮಾತ್ರ ದುಂಡಗೆ. ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. ಸೂಜಿರಂಧ್ರ ಕ್ಯಾಮೆರಾ ಕೆಲಸ ಮಾಡುವುದು ಹೀಗೆಯೇ. ಚಪ್ಪರದಲ್ಲಿ ಅಂಥ ನೂರಾರು ಕ್ಯಾಮೆರಾಗಳು ಒಟ್ಟಿಗೆ ತೆರೆದಿರುತ್ತವೆ. 2019ರ ಡಿಸೆಂಬರ್ 26ರ ಬೆಳಗ್ಗೆ ಗ್ರಹಣ ಹಿಡಿದಾಗ ದಕ್ಷಿಣ ಕರ್ನಾಟಕದ ಮರಗಳಡಿ ಈ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ಚುಕ್ಕೆಯ ಅಗಲ ತೂತಿನಿಂದ ಇರುವ ದೂರದ ಸುಮಾರು ನೂರೆಂಟನೇ ಒಂದು ಪಾಲು. ಗರಿಯಿಂದ ಎರಡು ಮೀಟರ್ ಕೆಳಗೆ ಕೂತ ಮದುಮಗಳ ಕೆನ್ನೆಯ ಮೇಲೆ ಅದು ಎರಡು ಸೆಂಟಿಮೀಟರಿಗೆ ಚೂರು ಕಡಿಮೆ, ಹಣೆಯ ದೊಡ್ಡ ಕುಂಕುಮದಷ್ಟು.

ಆ ಚುಕ್ಕೆಗೂ ಪಕ್ಕದ ನೆರಳಿಗೂ ಬೆಳಕಿನಲ್ಲಿ ಅಜಗಜಾಂತರ. ಕಣ್ಣು ಎರಡನ್ನೂ ಸಂಭಾಳಿಸುತ್ತದೆ, ಕ್ಯಾಮೆರಾದ ಕೈಲಾಗದು. ದಾರಿ ಸುಲಭ: ಹಸೆಮಣೆಯ ನೇರ ಮೇಲೆ, ಗರಿಯ ಕೆಳಗೆ ಒಂದು ಬಿಳಿ ಪಂಚೆ ಅಗಲವಾಗಿ ಕಟ್ಟಿಸುವುದು. ಪಂಚೆಯ ಮೇಲೆ ಬಿದ್ದ ಚುಕ್ಕೆಗಳೆಲ್ಲ ಕಲೆತು ಹಾಲಿನಂಥ ಬೆಳಕಾಗಿ ಕೆಳಗಿಳಿಯುತ್ತವೆ. ಮುಂದುಗಡೆ ಯಾರಾದರೂ ಒಂದು ಥರ್ಮಾಕೋಲ್ ಹಾಳೆ ಹಿಡಿದರೆ ಕಣ್ಣಿನ ಕೆಳಗಿನ ಕಪ್ಪೂ ಕರಗುತ್ತದೆ.

ಅರಿಶಿನದ್ದೇ ಇನ್ನೊಂದು ತೊಡಕು. ಮುಖ, ಕೈ, ಸೀರೆ ಎಲ್ಲ ಹಳದಿಯಾದಾಗ ಕ್ಯಾಮೆರಾ ಬೆಳಕೇ ಹಳದಿಯೆಂದು ಬಗೆದು ಚಿತ್ರವನ್ನು ನೀಲಿಯ ಕಡೆಗೆ ಜಗ್ಗುತ್ತದೆ. ಸಂಭ್ರಮದ ಮುಖ ರಕ್ತವಿಲ್ಲದಂತೆ ಕಾಣುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು, ಅದೇ ಬೆಳಕಿನಲ್ಲಿ ಬಿಳಿ ಪಂಚೆಯೊಂದರ ಚಿತ್ರ ತೆಗೆದು ಬಣ್ಣ ಹೊಂದಿಸಿಕೊಂಡರೆ ಅರಿಶಿನ ಅರಿಶಿನವಾಗಿಯೇ ಉಳಿಯುತ್ತದೆ.

ಕಲ್ಯಾಣ ಮಂಟಪದ ಕಷ್ಟಗಳ ಜಾತಿಯೇ ಬೇರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ತೀರಾ ವೇಗವಾದರೆ ಆರತಕ್ಷತೆಯ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಮೂಡುತ್ತದೆ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟಿ ಸಾಮಾನ್ಯವಾಗಿ ಮಾಯ.

ಫ್ಲ್ಯಾಶ್ ಬಗ್ಗೆ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆಯೆಂದರೆ ಅದು ಎಷ್ಟು ದೂರಕ್ಕಾದರೂ ಮುಟ್ಟುತ್ತದೆ ಎನ್ನುವುದು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ನಾಲ್ಕು ಪಟ್ಟಾದರೆ ಹದಿನಾರನೇ ಒಂದು ಭಾಗ. ಹಿಂದಿನ ಸಾಲಿನಿಂದ ಮಿಂಚಿಸಿದ ಮೊಬೈಲ್ ಫ್ಲ್ಯಾಶು ಮುಂದೆ ಕೂತವರ ತಲೆಗೂದಲನ್ನಷ್ಟೇ ಬೆಳಗುತ್ತದೆ. ನೇರ ಮುಖಕ್ಕೆ ಹೊಡೆದ ಫ್ಲ್ಯಾಶು ಮೂಗಿನ ಹೊಳಪನ್ನಷ್ಟೇ ಹಿಡಿಯುತ್ತದೆ. ಪಕ್ಕದ ಬಿಳಿ ಗೋಡೆಗೆ ತಿರುಗಿಸಿ ಹೊಡೆದರೆ ಗೋಡೆಯೇ ದೊಡ್ಡ ದೀಪವಾಗುತ್ತದೆ. ವೇದಿಕೆಯಲ್ಲಿ ಮುಖಕ್ಕೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬ ಚಿಂತೆ, 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಗೆ ಹೊಸದೇನಲ್ಲ.

ಗಟ್ಟಿಮೇಳದ ಹೊತ್ತಿಗೆ ಇದೆಲ್ಲ ಸಿದ್ಧವಾಗಿರಬೇಕು. ವಾದ್ಯದ ಲಯ ಬಿಗಿಯಾಗುತ್ತಿದ್ದಂತೆ ಮುಂದಿನ ಸಾಲು ಎದ್ದು ನಿಲ್ಲುತ್ತದೆ, ಅಕ್ಷತೆಗೆ ಕೈಗಳು ಮೇಲೇಳುತ್ತವೆ. ಆಮೇಲೆ ಜಾಗ ಹುಡುಕಿದರೆ ಸಿಗುವುದು ಬೆನ್ನುಗಳೇ. ತಾಳಿ ಹಿಡಿದ ವರನ ಕೈ, ವಧುವಿನ ಬಾಗಿದ ಕತ್ತು, ಹಿಂದಿನಿಂದ ಹೆರಳೆತ್ತಿ ಹಿಡಿದ ನಾದಿನಿಯ ಬೆರಳು, ಮೂರೂ ಕಾಣುವ ಕಡೆ ಎರಡು ನಿಮಿಷ ಮೊದಲೇ ಕೂತಿರಬೇಕು. ಪುರೋಹಿತರನ್ನು ಮುಂಚೆಯೇ ಕಂಡು, "ಸ್ವಾಮಿ, ಧಾರೆ ಯಾವ ಕಡೆ ಮುಖ ಮಾಡಿ?" ಎಂದು ಕೇಳಿಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಂಥ ಕ್ಷೇತ್ರದಲ್ಲಿ ಮದುವೆಯಾದರೆ ಎಲ್ಲಿಯವರೆಗೆ ಕ್ಯಾಮೆರಾ ಒಯ್ಯಬಹುದೆಂದು ಮೊದಲೇ ವಿಚಾರಿಸುವುದು ಮರ್ಯಾದೆ. ಊರಿಂದೂರಿಗೆ, ಮನೆಯಿಂದ ಮನೆಗೆ ಶಾಸ್ತ್ರಗಳ ಕ್ರಮ ಬದಲಾಗುವುದರಿಂದ ಮದುಮಗನ ಅಜ್ಜಿಯ ಹತ್ತಿರ ಒಂದು ಸಂಜೆ ಕೂತು ಬರೆದುಕೊಂಡ ಪಟ್ಟಿ ಬೆಲೆಬಾಳುವ ಸಲಕರಣೆ. ಹಿಂದಿನ ದಿನವೇ ಸುಲಿದ ತೆಂಗಿನಕಾಯಿಯೊಂದನ್ನು ಮುಖದ ಎತ್ತರಕ್ಕೆ ಹಿಡಿಸಿ ಬೆಳಕು ಪರೀಕ್ಷಿಸಿದರಂತೂ ಅರ್ಧ ಗೆದ್ದಂತೆ.

ಬೆಳಕಿನ ರುಚಿ ಹತ್ತಿದವರು ಇಲ್ಲಿಗೇ ನಿಲ್ಲಬಾರದು. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋಗಿ, ಕಿಂಡಿಯಿಂದ ಬಂದ ಬೆಳಕು ಒಳಗಿನ ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಬಿಡಿಸುವುದನ್ನು ನೋಡಿ ಬರಬೇಕು. ಅಷ್ಟು ದೂರ ಆಗದಿದ್ದರೆ ಚಪ್ಪರ ಬಿಚ್ಚುವ ಮುನ್ನ ಮನೆಯ ಮಕ್ಕಳನ್ನು ಕರೆದು, ಬಿಸಿಲಿನ ಚುಕ್ಕೆಗೆ ಒಂದು ಬಿಳಿ ಹಾಳೆ ಒಡ್ಡಿಸಲಿ. ಗರಿಯ ಹತ್ತಿರ ಹಿಡಿದಾಗ ಹಾಳೆಯ ಮೇಲೆ ಸಂದಿನ ಸೊಟ್ಟ ಆಕಾರ ಕಾಣುತ್ತದೆ. ಹಾಳೆಯನ್ನು ಮೆಲ್ಲಗೆ ಕೆಳಗಿಳಿಸುತ್ತ ಬಂದರೆ ಅದೇ ಚುಕ್ಕೆ ಅಂಚು ಕರಗಿಸಿಕೊಂಡು, ಮಕ್ಕಳ ಕಣ್ಣೆದುರೇ, ದುಂಡನೆಯ ಸೂರ್ಯನಾಗುತ್ತದೆ.